ಹಿಂದಿನ ಮನೆ ಖಾಲಿ ಬಿಡಬಾರದು

ಮುಂಬಯಿಗೆ ಬಂದ ಕರಾವಳಿಯವರ ಕತೆ ಹೇಳಲು ಕೂತರೆ ಹೋಟೆಲು, ರಾತ್ರಿಶಾಲೆ, ಲೋಕಲ್ ಟ್ರೈನು, ಯಕ್ಷಗಾನ ಇಷ್ಟು ಬಂದೇ ಬರುತ್ತವೆ. ನನ್ನ ಅಪ್ಪಯ್ಯ ಈ ಊರಿನಲ್ಲಿ ಕಾಲೂರಿದ್ದು ಮೊಬೈಲಿನ ಒಂದು ಆಟದಿಂದ ಅಂದರೆ ಊರಿನ ನೆಂಟರು ಇವತ್ತಿಗೂ ನಗುತ್ತಾರೆ. ಕುಂದಾಪುರ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ 35 ವರ್ಷ ಮಕ್ಕಳ ಕಿವಿ ಹಿಂಡಿದ, ಎಪ್ಪತ್ತು ದಾಟಿದ ಮೇಷ್ಟ್ರು ಪೋಕೆಮಾನ್ ಆಡುತ್ತಾರೆ ಅಂದರೆ ಯಾರಾದರೂ ನಗದೆ ಇರುತ್ತಾರೆಯೆ? ಆದರೆ ಆಡಿದ್ದು ಹೌದು. ಅದರಲ್ಲೂ ಪ್ರಾಣಿ ಹಿಡಿಯುವುದು, ಮೊಟ್ಟೆ ಮರಿ ಮಾಡುವುದು ಯಾವುದೂ ಅವರಿಗೆ ಅಷ್ಟು ರುಚಿಸಲಿಲ್ಲ. ಅವರಿಗೆ ಹಿಡಿಸಿದ್ದು ಕಾವಲು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಪೋಕೆಮಾನ್ ಗೋ ಎಂಬುದು 2016ರ ಜುಲೈಯಲ್ಲಿ ಹೊರದೇಶಗಳಲ್ಲಿ ಶುರುವಾಗಿ, ಅದೇ ಡಿಸೆಂಬರಿನಲ್ಲಿ ರಿಲಯನ್ಸ್ ಜಿಯೊ ಜತೆಗೂಡಿ ಭಾರತಕ್ಕೆ ಅಧಿಕೃತವಾಗಿ ಬಂತು. ಕೂತಲ್ಲೇ ಆಡುವ ಆಟವಲ್ಲ, ಫೋನು ಹಿಡಿದು ಬೀದಿಯಲ್ಲಿ ನಡೆಯಬೇಕು. ನಾವು ನಡೆದ ಹಾಗೆ ಪರದೆಯ ನಕಾಶೆಯಲ್ಲೂ ನಡೆಯುತ್ತೇವೆ, ದಾರಿಯಲ್ಲಿ ವಿಚಿತ್ರ ಪ್ರಾಣಿಗಳು ಎದುರಾಗುತ್ತವೆ. ಪ್ರತಿಮೆ, ಉದ್ಯಾನ, ಹಳೇ ಕಟ್ಟಡ, ಗುಡಿ ಇಂಥ ಗುರುತಿನ ಜಾಗಗಳಲ್ಲಿ ಕೆಲವು ‘ಜಿಮ್’ ಆಗಿರುತ್ತವೆ. ನೀಲಿ, ಕೆಂಪು, ಹಳದಿ ಅಂತ ಆಟಗಾರರಲ್ಲಿ ಮೂರು ಪಂಗಡ. ಜಿಮ್ ಯಾರ ಕೈಯಲ್ಲಿದೆಯೋ ಅವರು ತಮ್ಮ ಪ್ರಾಣಿಗಳನ್ನು ಅಲ್ಲಿ ಕಾವಲಿಗೆ ನಿಲ್ಲಿಸುತ್ತಾರೆ, ಉಳಿದವರು ಬಂದು ಹೊಡೆದು ಓಡಿಸುತ್ತಾರೆ. 2017ರ ಜೂನಿನಲ್ಲಿ ಇದರ ನಿಯಮ ಬದಲಾಯಿತು. ಒಂದು ಜಿಮ್ಮಿಗೆ ಆರೇ ಜಾಗ. ಒಬ್ಬರಿಗೆ ಒಂದೇ ಪ್ರಾಣಿ. ಒಂದೇ ಜಾತಿಯವು ಎರಡು ಇರುವಂತಿಲ್ಲ. ಈ ಮೂರನ್ನು ನೆನಪಿಟ್ಟುಕೊಳ್ಳಿ, ಅಪ್ಪಯ್ಯನ ಮುಂಬಯಿ ಬದುಕು ಇದರ ಮೇಲೆಯೇ ನಿಂತಿತ್ತು.

ಅಮ್ಮ ತೀರಿಕೊಂಡದ್ದು 2018ರ ಮಾರ್ಚಿನಲ್ಲಿ. ಕಾರ್ಯ ಎಲ್ಲ ಮುಗಿಸಿ, ಮನೆಗೆ ಬೀಗ ಹಾಕಿ, ಮತ್ಸ್ಯಗಂಧದಲ್ಲಿ ಅವರನ್ನು ಮಾಟುಂಗಕ್ಕೆ ಕರೆತಂದೆ. ಮಗಳ ಮನೆಯಲ್ಲಿ ಹೋಗಿ ಕೂರುವುದಾ ಅಂತ ಊರಿನಲ್ಲಿ ನಾಲ್ಕು ಜನ ಆಡಿಕೊಂಡರು. ಅಪ್ಪಯ್ಯನಿಗೂ ಒಳಗೊಳಗೆ ಅದೇ ಇತ್ತು. ನಮ್ಮದು ನನ್ನ ಗಂಡನ ಅಜ್ಜನ ಕಾಲದ ಪಗಡಿ ಮನೆ. ಅಂದರೆ ಹಿಂದೆ ಒಂದಿಷ್ಟು ಇಡಿಗಂಟು ಕೊಟ್ಟು ಹಿಡಿದದ್ದು, ಈಗ ಬಾಡಿಗೆ ಹೆಸರಿಗೆ ಮಾತ್ರ. ಈ ಮಾತು ಕೇಳಿ ಅಪ್ಪಯ್ಯ “ಪಗಡೆ ಆಡಿ ಗೆದ್ದದ್ದಾ?” ಅಂತ ಕೇಳಿದ್ದರು. ಬಂದ ಮೊದಲ ನಾಲ್ಕು ತಿಂಗಳಲ್ಲಿ ಅವರು ಮಾಡಿದ ತಮಾಷೆ ಅದೊಂದೇ ಇರಬೇಕು.

ಮಾಟುಂಗ ಕನ್ನಡಿಗರಿಗೆ ಪರಕೀಯ ಜಾಗವೇನಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ. ಸ್ಟೇಷನ್ನಿನ ಪಕ್ಕದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಊಟ ಇದೆ. ಆದರೆ ಸಂಘದ ಕಾರ್ಯಕ್ರಮ ಎಂದೋ ಒಂದು ಸಂಜೆ, ಊಟ ಅರ್ಧ ಗಂಟೆ. ಉಳಿದ ಹೊತ್ತು ಏನು ಮಾಡುವುದು? ನಾನು ಬ್ಯಾಂಕಿಗೆ, ಗಂಡ ಆಫೀಸಿಗೆ, ಮಗ ಶಾಲೆಗೆ. ಹಿಂದಿ ಬಾರದ, ಮರಾಠಿ ಬಾರದ ಅಪ್ಪಯ್ಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೆಳಗಿನ ರಸ್ತೆ ನೋಡುತ್ತ ಕೂರುತ್ತಿದ್ದರು. ಮಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇದು ಇಲ್ಲಿನ ಎಷ್ಟೋ ಕನ್ನಡ ಮನೆಗಳ ಕತೆ, ಬಿಡಿ. ಸಂಜೆ ನಾನು ಚಪ್ಪಲಿ ಕಳಚುವ ಮೊದಲೇ ಅಪ್ಪಯ್ಯನ ಒಂದೇ ಮಾತು: “ಊರಿಗೆ ಟಿಕೇಟ್ ಮಾಡ್.” ಅಲ್ಲಿ ಹೋಗಿ ಆ ದೊಡ್ಡ ಮನೆಯಲ್ಲಿ ಒಬ್ಬರೇ ಏನು ಮಾಡುತ್ತೀರಿ ಅಂದರೆ ಉತ್ತರ ಇಲ್ಲ. ಊಟ ಕಮ್ಮಿಯಾಯಿತು, ಸಕ್ಕರೆ ಏರಿತು. ದಿನಾ ಒಂದು ಗಂಟೆ ನಡೆಯಲೇಬೇಕು ಅಂದರು ಡಾಕ್ಟರು.

ನಡೆಸುವ ಕೆಲಸ ಮಗನಿಗೆ ಬಂತು. ಹದಿಮೂರರ ಹುಡುಗ ಸುಮ್ಮನೆ ಅಜ್ಜನ ಜತೆ ನಡೆಯುತ್ತಾನೆಯೆ? ತಾನು ಆಡುವ ಆಟವನ್ನೇ ಅಜ್ಜನ ಫೋನಿಗೂ ಹಾಕಿಕೊಟ್ಟ. ಪಂಗಡ ಆರಿಸುವಾಗ ಅಪ್ಪಯ್ಯ “ಅರಶಿನದ ಬಣ್ಣ ಇರ್ಲಿ” ಅಂದರಂತೆ. ಹಳದಿ ಪಂಗಡದವರು ನಮ್ಮ ಕಡೆ ಕೈಬೆರಳಲ್ಲಿ ಎಣಿಸುವಷ್ಟು ಜನ ಅಂತ ಮಗನಿಗೆ ಗೊತ್ತಿತ್ತು, ಅಜ್ಜನಿಗೆ ಹೇಳಲಿಲ್ಲ. ಇಬ್ಬರೂ ಸಂಜೆ ಫೈವ್ ಗಾರ್ಡನ್ಸ್ ಕಡೆಗೆ ಹೋಗಿ ಬರತೊಡಗಿದರು.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಎರಡನೇ ವಾರಕ್ಕೆ 200 ಪುಟದ ನೋಟ್ ಪುಸ್ತಕ ತರಿಸಿದರು. ಈ ಆಟದ ಪ್ರಾಣಿಗಳಲ್ಲಿ 18 ಬಗೆ. ಯಾವ ಬಗೆಯ ಏಟು ಯಾವ ಬಗೆಗೆ ಜೋರು, ಯಾವುದಕ್ಕೆ ನಾಟುವುದಿಲ್ಲ ಅಂತ ದೊಡ್ಡ ಕೋಷ್ಟಕವೇ ಇದೆ. ಮಗ ಹೇಳುತ್ತಾ ಹೋದ, ಅಜ್ಜ ಕನ್ನಡಕ್ಕೆ ತಿರುಗಿಸಿ ಗೆರೆ ಹಾಕಿ ಬರೆದರು. ಬೆಂಕಿ, ನೀರು, ಹುಲ್ಲು, ಕರೆಂಟು, ಮಣ್ಣು, ಕಲ್ಲು, ವಿಷ, ಹುಳ ಇವೆಲ್ಲ ಸುಲಭವಾಗಿ ಬಂದವು. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ, ಇದನ್ನು ಯಾರೂ ಕಲಿಸಬೇಕಾಗಿಲ್ಲ. ಫೈಟಿಂಗ್ ಅಂದದ್ದು ‘ಜಟ್ಟಿ’ ಆಯಿತು, ಸೈಕಿಕ್ ‘ಮಂತ್ರದವು’, ಡ್ರ್ಯಾಗನ್ ‘ಘಟಸರ್ಪ’, ಫೇರಿ ‘ಯಕ್ಷಿ’, ನಾರ್ಮಲ್ ‘ಸಾದಾ’. ಗೋಸ್ಟ್ ಬಂದಾಗ ಪೆನ್ನು ನಿಂತಿತು. ಮಗ “ಭೂತ್” ಅಂದ. “ಭೂತ ಅಂದ್ರೆ ನಮ್ಮಲ್ಲಿ ದೈವ, ಅದನ್ನ ಹೀಂಗೆಲ್ಲ ಆಟಕ್ಕೆ ಬರೂಕಾಗ” ಅಂತ ಹೇಳಿ ‘ಪ್ರೇತ’ ಅಂತ ಬರೆದುಕೊಂಡರು. ಆ ಪುಸ್ತಕದಿಂದ ನನ್ನ ಮಗನಿಗೆ ಬಂದಷ್ಟು ಕನ್ನಡ ಶಬ್ದ ನನ್ನಿಂದ ಬಂದಿಲ್ಲ. ಆಟಕ್ಕೆ ಹಿಂದಿ ಬಂದದ್ದು 2023ರಲ್ಲಿ. ನಮ್ಮ ಮನೆಯಲ್ಲಿ ಕನ್ನಡ ಅದಕ್ಕಿಂತ ಐದು ವರ್ಷ ಮುಂಚೆಯೇ ಬಂದಿತ್ತು.

ಇನ್ನು ಕಾವಲಿನ ವಿಷಯ. ಆಗ ಜಿಮ್ಮಿನಲ್ಲಿ ನಿಲ್ಲಿಸಲು ಎಲ್ಲರೂ ಬಯಸುತ್ತಿದ್ದುದು ಬ್ಲಿಸ್ಸಿ ಎಂಬ ಗುಲಾಬಿ ಬಣ್ಣದ ದುಂಡು ದಾದಿಯನ್ನು, ಸ್ನೋರ್ಲ್ಯಾಕ್ಸ್ ಎಂಬ ಹೊಟ್ಟೆಬಾಕನನ್ನು, ಸ್ಲೇಕಿಂಗ್ ಎಂಬ ಸೋಮಾರಿ ಮಂಗನನ್ನು. ಒಂದೊಂದೂ ಬಲವಾದದ್ದೇ. ಬ್ಲಿಸ್ಸಿಯ ಪ್ರಾಣ ಕಡಲಿನಷ್ಟು, ಹೊಡೆದಷ್ಟೂ ಮುಗಿಯುವುದಿಲ್ಲ. ಆದರೆ ಮೂರೂ ‘ಸಾದಾ’ ಬಗೆಯವು, ಮೂರಕ್ಕೂ ಒಂದೇ ಶತ್ರು, ಜಟ್ಟಿ. ಏಟು ಒಂದಕ್ಕೆ 1.6 ಪಟ್ಟು ಬೀಳುತ್ತದೆ. ಕೆಂಪು ಪಂಗಡದ ಹುಡುಗರು ನಾಲ್ಕು ಕೈಯ ಮಚಾಂಪ್‌ಗಳನ್ನೇ ಆರು ತಂದು ಬ್ಲಿಸ್ಸಿಯಿಂದ ಹಿಡಿದು ಸಾಲಾಗಿ ಕೆಡವಿ ಹೋಗುತ್ತಿದ್ದರು. ಅವರು ಏನನ್ನೂ ಬದಲಿಸಬೇಕಾಗಿಯೇ ಇರಲಿಲ್ಲ. ನಮ್ಮವರು ಮತ್ತೆ ಬಂದು ಮತ್ತೆ ಅವೇ ಮೂರನ್ನು ಇಡುವುದು, ಅವರು ಮತ್ತೆ ಬಂದು ಕೆಡವುವುದು.

ಇದನ್ನು ಒಂದು ವಾರ ನೋಡಿದ ಅಪ್ಪಯ್ಯ ಹೇಳಿದ್ದು, “ಇದೆಂತ, ನಮ್ಮ ಆಡು-ಹುಲಿ ಅಲ್ದಾ? ಹಿಂದಿನ ಮನೆ ಖಾಲಿ ಬಿಟ್ಟಿರ್, ಹುಲಿ ಹಾರೂದೇ.”

ಆಡು-ಹುಲಿ ನೀವು ಆಡಿರುತ್ತೀರಿ, ಊರೂರಿಗೆ ಹೆಸರು ಬೇರೆ. 3 ಹುಲಿ, 15 ಆಡು. ಆಡಿನ ಬೆನ್ನ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಅದರ ಮೇಲಿಂದ ಹಾರಿ ತಿನ್ನುತ್ತದೆ. ಅಲ್ಲಿ ಇನ್ನೊಂದು ಆಡು ನಿಂತಿದ್ದರೆ ಹುಲಿ ಮುಂದೆ ಕೂತು ನೋಡಬೇಕಷ್ಟೇ. ಹಳೇ ದೇವಸ್ಥಾನಗಳ ಜಗಲಿಯ ಕಲ್ಲಿನ ಮೇಲೆ ಇದರ ಮನೆಗಳನ್ನು ಕೊರೆದದ್ದು ಕರ್ನಾಟಕದ ಎಷ್ಟೋ ಕಡೆ ಕಾಣಸಿಗುತ್ತದೆ. ಅಪ್ಪಯ್ಯ ಬಾಲ್ಯದಲ್ಲಿ ಹುಣಸೆ ಬೀಜ, ಕಲ್ಲು ಇಟ್ಟು ಆಡಿದ್ದು ಅಂಥದೇ ಜಗಲಿಯ ಮೇಲೆ. ಈ ಪೋಕೆಮಾನ್ ಆಟದಲ್ಲಿ ದೇವಸ್ಥಾನದ ಹತ್ತಿರ ಮೊಟ್ಟೆ ಸಿಗುತ್ತದೆ, ಇದು ಭಾವನೆಗೆ ಧಕ್ಕೆ ಅಂತ 2016ರಲ್ಲಿ ಗುಜರಾತ್ ಹೈಕೋರ್ಟಿಗೆ ಯಾರೋ ಅರ್ಜಿ ಹಾಕಿದ್ದರು. ಅದನ್ನು ಹೇಳಿದರೆ, ದಿನಾ ಎರಡು ಹೊತ್ತು ಸಂಧ್ಯಾವಂದನೆ ಮಾಡುವ ಅಪ್ಪಯ್ಯ “ದೇವಸ್ಥಾನದಲ್ಲಿ ಆಟ ಆಡದೆ ಮತ್ತೆಲ್ಲಿ ಆಡೂದು?” ಅಂದುಬಿಟ್ಟರು.

ಅವರು ಕಂಡುಕೊಂಡದ್ದು ಇಷ್ಟು. ಹೊಡೆಯಲು ಬರುವವನು ಒಂದು ಸಲಕ್ಕೆ ಆರು ಪ್ರಾಣಿ ತರುತ್ತಾನೆ. ನಾವು ಇಟ್ಟ ಅನುಕ್ರಮದಲ್ಲೇ, ಮೊದಲು ಇಟ್ಟದ್ದು ಮೊದಲು, ಒಂದೊಂದನ್ನು ಎದುರಿಸುತ್ತಾನೆ. ಸಾದಾದ ಹಿಂದೆ ಸಾದಾ ನಿಂತರೆ ಅವನ ಜಟ್ಟಿ ಓಡುತ್ತಲೇ ಇರುತ್ತದೆ. ಬ್ಲಿಸ್ಸಿಯ ಬೆನ್ನಿಗೆ ಮಂತ್ರದ್ದೋ ಯಕ್ಷಿಯೋ ನಿಂತರೆ ಜಟ್ಟಿಯ ಏಟು ಅದಕ್ಕೆ ತಾಗುವುದಿಲ್ಲ, ಅದರ ಏಟು ಮಾತ್ರ ಜಟ್ಟಿಗೆ ಬಿಸಿ ಮುಟ್ಟಿಸುತ್ತದೆ. ಅವನು ಪ್ರಾಣಿ ಬದಲಿಸಬೇಕು. ಯಕ್ಷಿಗೆ ಕಬ್ಬಿಣ ತಂದನೋ, ಮುಂದೆ ಕಬ್ಬಿಣಕ್ಕೆ ಜಗ್ಗದ ನೀರಿನದ್ದು ಕಾದಿದೆ. ಅದಕ್ಕೆ ಕರೆಂಟು ತಂದನೋ, ಆಮೇಲೆ ಮಣ್ಣಿನದ್ದು. ಸೋತರೂ ಕಾವಲಿನ ಪ್ರಾಣಿ ಒಂದೇ ಏಟಿಗೆ ಮನೆಗೆ ಹೋಗುವುದಿಲ್ಲ. ಅದರ ಹುರುಪು ಇಳಿಯುತ್ತದೆ, ತುಂಬಿದ ಹುರುಪಿದ್ದರೆ ಮೂರು ಸಲ ಸೋಲಿಸಬೇಕು. ನಡುವೆ ನಮ್ಮ ಪಂಗಡದ ಯಾರಾದರೂ ಹಣ್ಣು ತಿನ್ನಿಸಿದರೆ ಹುರುಪು ಮತ್ತೆ ಏರುತ್ತದೆ. ಹಾಗಾಗಿ ಕಾವಲು ಅಂದರೆ ಗೆಲ್ಲುವುದಲ್ಲವೇ ಅಲ್ಲ, ಎದುರಿನವನಿಗೆ ಸಾಕಪ್ಪಾ ಅನಿಸುವುದು. ಜಾಗದ ತಕರಾರಿನ ಕೇಸಿನಲ್ಲಿ ವಕೀಲರು ವಾಯಿದೆ ಕೇಳುತ್ತ ಹೋಗುತ್ತಾರಲ್ಲ, ಆ ಜಾತಿಯ ವಿದ್ಯೆ.

ಅಪ್ಪಯ್ಯ ಮೊದಲು ಇಟ್ಟದ್ದು ಸ್ಲೋಬ್ರೊ. ಬಾಲಕ್ಕೆ ಚಿಪ್ಪು ಕಚ್ಚಿಸಿಕೊಂಡ, ಪೆದ್ದು ಮುಖದ ಪ್ರಾಣಿ. ನೀರು ಮತ್ತು ಮಂತ್ರ ಎರಡೂ. ಯಾರೂ ಕಾವಲಿಗೆ ಇಡದಂಥದ್ದು. ಅದನ್ನು ಬ್ಲಿಸ್ಸಿಯ ಹಿಂದೆ ನಿಲ್ಲಿಸಿ, ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಮಚಾಂಪ್ ತಂದ ಹುಡುಗ ಎರಡನೇ ಸುತ್ತಿಗೇ ಫೋನು ಜೇಬಿಗೆ ಹಾಕಿ ಎದ್ದು ಹೋದ. ಅವತ್ತು ಮನೆಗೆ ಬಂದವರು ಎರಡು ಚಪಾತಿ ಜಾಸ್ತಿ ತಿಂದರು.

ಆದರೆ ನಿಯಮ ನೆನಪಿದೆಯಲ್ಲ? ಒಬ್ಬರಿಗೆ ಒಂದೇ. ಎಷ್ಟೇ ಬುದ್ಧಿ ಇದ್ದರೂ ಆರು ಜಾಗವನ್ನು ಒಬ್ಬರೇ ತುಂಬುವಂತಿಲ್ಲ. ನಿಮ್ಮ ಪಾಲಿಗೆ ಒಂದು. ಉಳಿದ ಐದು ಯಾರೋ ಐದು ಜನರದ್ದು, ಪರದೆಯ ಮೇಲೆ ಅವರ ಆಟದ ಹೆಸರು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ನನ್ನ ಹತ್ತಿರ ಅತಿ ಬಲದ್ದು ಯಾವುದು ಅಂತ ಅಲ್ಲ, ಈಗಾಗಲೇ ನಿಂತವರಲ್ಲಿ ಏನು ಕಮ್ಮಿ ಇದೆ ಅಂತ. ಅಪ್ಪಯ್ಯನಿಗೆ ಆ ಐದು ಜನರನ್ನು ಹುಡುಕುವುದು ಅನಿವಾರ್ಯವಾಯಿತು. ನಾಲ್ಕು ತಿಂಗಳು ಯಾರ ಮುಖವನ್ನೂ ನೋಡದೆ ಕೂತಿದ್ದ ಮನುಷ್ಯ, ಗಾರ್ಡನ್ನಿನಲ್ಲಿ ಫೋನಿನ ಮೇಲೆ ಬೆರಳು ಎಳೆಯುತ್ತ ನಿಂತವರ ಪರದೆಯನ್ನು ಇಣುಕಿ, ಹಳದಿ ಕಂಡರೆ “ನಮಸ್ಕಾರ” ಅನ್ನತೊಡಗಿದರು.

ಹಾಗೆ ಸಿಕ್ಕಿದವರು: ಎದುರು ಗಲ್ಲಿಯ ಗುಜರಾತಿ ಬೆನ್, ಗಂಡ ತೀರಿಕೊಂಡ ಮೇಲೆ ಇವರ ಹಾಗೆಯೇ ವಾಕಿಂಗಿಗೆ ಬಿದ್ದವರು, ಬ್ಲಿಸ್ಸಿ ಅವರದೇ. ಬೆಸ್ಟ್ ಬಸ್ಸಿನ ಮರಾಠಿ ಕಂಡಕ್ಟರ್ ಒಬ್ಬರು, ಅಪ್ಪಯ್ಯ ಶಾಲೆಯ ಮೇಷ್ಟ್ರು ಅಂತ ಗೊತ್ತಾದ ದಿನದಿಂದ “ಗುರುಜಿ” ಅನ್ನುತ್ತಿದ್ದರು. ಎಂಜಿನಿಯರಿಂಗ್ ಓದುವ ತಮಿಳು ಹುಡುಗ. ನಮ್ಮ ಬೈಂದೂರು ಕಡೆಯ, ಹೋಟೆಲಿನಲ್ಲಿ ಸಪ್ಲಯರ್ ಆಗಿದ್ದ ಒಬ್ಬ ಮಾಣಿ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಾತ್ರ ಬಿಡುವು ಇದ್ದವನು. ಮತ್ತೆ ಅಜ್ಜ, ಮೊಮ್ಮಗ. ಸರಿಯಾಗಿ ಆರು.

ಇವರೆಲ್ಲ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರೋ! ಒಂದು ಭಾನುವಾರ ನಾನೂ ಹೋಗಿ ಕೂತಿದ್ದೆ. ಬೆನ್ ಗುಜರಾತಿ ಬೆರೆಸಿದ ಹಿಂದಿ, ಕಂಡಕ್ಟರರದು ಮರಾಠಿ, ಅಪ್ಪಯ್ಯನದು ಅಪ್ಪಟ ಕುಂದಾಪ್ರ ಕನ್ನಡ. ನಡುನಡುವೆ ‘ಫೈಟಿಂಗ್’, ‘ಸ್ಟೀಲ್’, ‘ಬೆರ್ರಿ’. ಅಷ್ಟರಲ್ಲೇ ಎಲ್ಲ ಮುಗಿಯುತ್ತಿತ್ತು. ಯಾರ ನಂತರ ಯಾರು, ಯಾರು ಏನು ಇಡುವುದು ಅಂತ ಒಂದು ಚೀಟಿ ಮಾಡಿಕೊಂಡಿದ್ದರು, ಅದರಲ್ಲಿ ಮೂರು ಲಿಪಿ ಇತ್ತು. ಬೆಳಗಿನ ಹಣ್ಣು ಅಪ್ಪಯ್ಯನ ಪಾಲು, ರಾತ್ರಿಯದ್ದು ಕೊನೇ ಟ್ರಿಪ್ ಮುಗಿಸಿ ಬರುವ ಕಂಡಕ್ಟರರದು.

ಜಗಳವೂ ಆಗುತ್ತಿತ್ತು. ತಮಿಳು ಹುಡುಗ ಎಷ್ಟು ಹೇಳಿದರೂ ಸ್ಲೇಕಿಂಗನ್ನೇ ಇಡುವವನು. ಅದರ ಬಲದ ಅಂಕಿ 4000 ದಾಟುತ್ತದೆ, ನೋಡಿದವರು ಹೆದರಬೇಕು. ಆದರೆ ಅದು ಎದುರಾಳಿಯ ಮುಂದೆ ಮಾಡುವುದು ಆಕಳಿಕೆ, ಆ ಆಕಳಿಕೆಯಿಂದ ಆಗುವ ಪೆಟ್ಟು ಸೊನ್ನೆ. ಸಾಲದ್ದಕ್ಕೆ ಅಂಕಿ ದೊಡ್ಡದಿದ್ದಷ್ಟೂ ಹುರುಪು ಬೇಗ ಸೋರುತ್ತದೆ, ಹಣ್ಣು ಸುಮ್ಮನೆ ದಂಡ. “ನಮ್ಮ ಶಾಲೆಗೆ ಇಂಥ ಒಬ್ರ್ ಹೆಡ್ಮಾಸ್ಟ್ರ್ ಬಂದಿದ್ರ್” ಅಂತ ಅಪ್ಪಯ್ಯ ಕನ್ನಡದಲ್ಲೇ ಹುಡುಗನಿಗೆ ಹತ್ತು ನಿಮಿಷ ಪಾಠ ಮಾಡಿದರು. ಭಾಷೆ ಅರ್ಥವಾಯಿತೋ ಇಲ್ಲವೋ, ಮೇಷ್ಟ್ರ ದನಿ ಅರ್ಥವಾಯಿತು. 2019ರ ಆಗಸ್ಟಿನಲ್ಲಿ ರಾಲ್ಟ್ಸ್ ಎಂಬ ಮರಿ ಮೂರು ಗಂಟೆ ಕಾಲ ಎಲ್ಲೆಲ್ಲೂ ಸಿಗುವ ದಿನ ಬಂತು. ಮುಂಬಯಿಯ ಮಳೆಯಲ್ಲಿ ಅಜ್ಜ, ಮೊಮ್ಮಗ, ಆ ಹುಡುಗ ಮೂವರೂ ಎರಡು ಕೊಡೆಯ ಕೆಳಗೆ ತಿರುಗಿ, ಅದನ್ನು ಬೆಳೆಸಿ ಗಾರ್ಡೆವಾಯರ್ ಮಾಡಿಕೊಂಡರು. ಮಂತ್ರವೂ ಹೌದು, ಯಕ್ಷಿಯೂ ಹೌದು, ಜಟ್ಟಿಗೆ ಇಮ್ಮಡಿ ತಡೆ. ಅಪ್ಪಯ್ಯನ ಕಾಯಂ ಕಾವಲುಗಾರ್ತಿ ಅವಳೇ ಆದಳು.

ಇದರಲ್ಲಿ ಒಂದು ವಿಚಿತ್ರ ಇದೆ. ಕಾವಲು ನಿಂತ ಪ್ರಾಣಿಗೆ 10 ನಿಮಿಷಕ್ಕೆ ಒಂದು ನಾಣ್ಯ, ದಿನಕ್ಕೆ 50ಕ್ಕಿಂತ ಹೆಚ್ಚಿಲ್ಲ. ಆದರೆ ಅದು ಕೈಗೆ ಸಿಗುವುದು ಪ್ರಾಣಿ ಸೋತು ಮನೆಗೆ ಮರಳಿದಾಗ ಮಾತ್ರ. ಕೋಟೆ ಗಟ್ಟಿಯಾದಷ್ಟೂ ದುಡ್ಡು ಬರುವುದಿಲ್ಲ! ಉಳಿದವರು ಇದಕ್ಕೆ ಗೊಣಗುತ್ತಿದ್ದರು. ಅಪ್ಪಯ್ಯ ಮಾತ್ರ, ನಮ್ಮೂರಿಂದ ಬೊಂಬಾಯಿಗೆ ಹೋದ ಅರ್ಧಕ್ಕರ್ಧ ಮಾಣಿಯಂದಿರ ಲೆಕ್ಕವೂ ಹೀಗೇ, ಬಂದ ಮೇಲೇ ಗೊತ್ತಾಗುತ್ತಿದ್ದದ್ದು ಅಂತ ಹೇಳಿ ಸುಮ್ಮನಾದರು. ಟಿಕೆಟಿನ ಮಾತು ಯಾವಾಗ ನಿಂತಿತೋ ನನಗೆ ಸರಿಯಾಗಿ ನೆನಪಿಲ್ಲ.

2020ರ ಮಾರ್ಚಿನಲ್ಲಿ ಅಮ್ಮನ ಶ್ರಾದ್ಧಕ್ಕೆ ಊರಿಗೆ ಹೊರಟರು. ಕಾಯಿಲೆಯ ಸುದ್ದಿ ಆಗಲೇ ಇತ್ತು, ಬೇಡ ಅಂದರೆ ಕೇಳಲಿಲ್ಲ. 18ರ ಸಂಜೆ ಗಾರ್ಡನ್ನಿನ ಜಿಮ್ಮಿನಲ್ಲಿ ಯಕ್ಷಿಯನ್ನು ನಿಲ್ಲಿಸಿ, 19ಕ್ಕೆ ರೈಲು ಹತ್ತಿದರು. 27ಕ್ಕೆ ವಾಪಸು ಟಿಕೆಟ್ ಇತ್ತು. 22ಕ್ಕೆ ರೈಲು ನಿಂತವು, 25ಕ್ಕೆ ದೇಶವೇ ನಿಂತಿತು.

ನಮ್ಮ ಊರಿನ ಮನೆಯ ಸುತ್ತ ಜಿಮ್ ಇಲ್ಲ, ಆಟದ ಪ್ರಾಣಿಯೂ ಹೆಚ್ಚು ಸುಳಿಯುವುದಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತರೆ ಸಿಗ್ನಲ್ ಸಿಗುತ್ತದೆ. ಕಾವಲಿನಲ್ಲಿರುವ ನಮ್ಮ ಪ್ರಾಣಿಗೆ ಮಾತ್ರ ಎಷ್ಟು ದೂರದಿಂದಲೂ ಹಣ್ಣು ಕೊಡಬಹುದು, ಪರಿಣಾಮ ಸ್ವಲ್ಪ ಕಮ್ಮಿ. ಅಪ್ಪಯ್ಯ ದಿನಾ ಬೆಳಿಗ್ಗೆ ಸ್ನಾನಕ್ಕೆ ನೀರು ಸೇದುವ ಹೊತ್ತಿಗೆ ಮಾಟುಂಗದ ಯಕ್ಷಿಗೆ ಒಂದು ಹಣ್ಣು ಕೊಡುತ್ತಿದ್ದರು. ಹಣ್ಣಿನ ದಾಸ್ತಾನು ಇಳಿಯತೊಡಗಿದಾಗ ದಿನ ಬಿಟ್ಟು ದಿನ. ಬೆನ್ ಅವರ ಮನೆಯ ಕಿಟಕಿಗೇ ಆಟದ ಒಂದು ತಂಗುದಾಣ ತಾಗುತ್ತಿತ್ತು. ಅಲ್ಲಿಂದ ಅವರು ಕಳಿಸುವ ಉಡುಗೊರೆಯ ಪೊಟ್ಟಣದಲ್ಲಿ ಒಮ್ಮೊಮ್ಮೆ ಹಣ್ಣು ಇರುತ್ತಿತ್ತು. ಪೊಟ್ಟಣದ ಮೇಲೆ ಆ ಜಾಗದ ಚಿತ್ರ ಬರುತ್ತದೆ. ಅಪ್ಪಯ್ಯ ಫೋನಿನಲ್ಲಿ ಮೊದಲು ಹೇಳುತ್ತಿದ್ದದ್ದು ಅದನ್ನೇ, “ಇವತ್ತೂ ನಮ್ಮ ಗಲ್ಲಿ ಪಟ ಬಂತ್.” ನಮ್ಮ ಕಟ್ಟಡಕ್ಕೆ ಎರಡು ಸಲ ಸೀಲ್ ಬಿದ್ದಿತ್ತು. ಆ ದಿನಗಳಲ್ಲಿ ಅವರು ಊಟ, ಔಷಧಿ ವಿಚಾರಿಸಿದ ಮೇಲೆ ಕೊನೆಗೆ ಯಕ್ಷಿಯ ಸುದ್ದಿ ಹೇಳಿ ಇಡುತ್ತಿದ್ದರು. ಇನ್ನೂ ಅಲ್ಲೇ ನಿಂತಿದ್ದಾಳೆ, ಯಾರೂ ಬಂದಿಲ್ಲ. ಇದನ್ನು ಅವರು ಸಂತೋಷದಿಂದ ಹೇಳುತ್ತಿರಲಿಲ್ಲ.

ಜೂನ್ 3ರಿಂದ ಮುಂಬಯಿಯಲ್ಲಿ ಬೆಳಗಿನ ವಾಕಿಂಗಿಗೆ ಅನುಮತಿ ಸಿಕ್ಕಿತು. ಅದೇ ದಿನ ನಿಸರ್ಗ ಚಂಡಮಾರುತ, ಮತ್ತೆ ಎಲ್ಲರೂ ಒಳಗೆ. 5ರ ಬೆಳಿಗ್ಗೆ ಏಳಕ್ಕೆ ಅಪ್ಪಯ್ಯನ ಫೋನು. ಎದೆ ಧಸಕ್ ಅಂತು.

“ಮಗಾ, ಯಕ್ಷಿ ಮನೆಗ್ ಬಂತ್ ಕಾಣ್. ಕೆಂಪಿನವ್ರ್ ಹೊರ್ಗೆ ಬಿದ್ದಿರ್!”

79 ದಿನ ನಿಂತಿದ್ದಕ್ಕೆ ನಾಣ್ಯ ಎಷ್ಟು ಬಂತು ಅಂತ ಕೇಳಿದೆ. “ಐವತ್ತ್. ಮತ್ತೆಷ್ಟ್ ಕೊಡ್ತ್ರ್?” ಅಂದು, ಹೋಗಿ ನೋಡಿಕೊಂಡು ಬಾ ಅಂತ ಅವಸರ ಮಾಡಿದರು. ಮಾಸ್ಕು ಹಾಕಿಕೊಂಡು ಮಗನನ್ನು ಎಬ್ಬಿಸಿ ಇಳಿದೆ. ಗಾಳಿಗೆ ಬಿದ್ದ ಕೊಂಬೆಗಳು ಇನ್ನೂ ರಸ್ತೆಯಲ್ಲಿದ್ದವು. ಗಾರ್ಡನ್ನಿನ ಸುತ್ತ ನಾಲ್ಕೈದು ಜನ ಒಬ್ಬರಿಂದೊಬ್ಬರು ದೂರ ದೂರ ನಡೆಯುತ್ತಿದ್ದರು. ಮಗ ಫೋನು ತೆರೆದ. ಜಿಮ್ ಕೆಂಪಾಗಿತ್ತು, ಮೂರು ಪ್ರಾಣಿ ನಿಂತಿದ್ದವು. ಬ್ಲಿಸ್ಸಿ, ಸ್ನೋರ್ಲ್ಯಾಕ್ಸ್, ಸ್ಲೇಕಿಂಗ್.

ಅಪ್ಪಯ್ಯನಿಗೆ ಹೇಳಿದೆ.

“ಮೂರೂ ಸಾದಾ?” ಅಂತ ಆ ಕಡೆಯಿಂದ ನಗು ಕೇಳಿಸಿತು. “ಜಟ್ಟಿ ಸಾಕ್. ಮಾಣಿಗೆ ಫೋನ್ ಕೊಡ್.”